ಗಡಿಪೇಟೆಯ ಸೌದೆ ಡಿಪೋ: ಹಸಿ ಕೊಂಡು ಒಣ ಮಾರುವ ಲೆಕ್ಕ

ನೀವು ಕೇಳಿದ್ದು ಎರಡು ಮಾತು. ಮನೆಮನೆಗೂ ಗ್ಯಾಸ್ ಬಂದಮೇಲೆ ಸೌದೆ ಕೊಳ್ಳುವವರು ಯಾರು? ಸೈಕಲ್ ನಿಲ್ಲಿಸಲೂ ಜಾಗವಿಲ್ಲದ ಪೇಟೆಬೀದಿಯಲ್ಲಿ ಸಣ್ಣ ಸೌದೆ ಡಿಪೋ ಹೇಗೆ ಬದುಕುತ್ತದೆ? ಈ ಉತ್ತರ ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯದು. ಇಲ್ಲಿ ನಂಗಲಿ ದಾಟಿದರೆ ಆಂಧ್ರ. ಪಲಮನೇರು, ವಿ.ಕೋಟ ಕಡೆಯ ಗಿರಾಕಿ ಇಲ್ಲಿಗೆ ಬರುತ್ತಾನೆ, ಇಲ್ಲಿಯ ಮರ ಕಡಿಯುವವರು ಅಲ್ಲಿಗೆ ಹೋಗುತ್ತಾರೆ. ಬಾಕಿ ಪುಸ್ತಕ ಕನ್ನಡದಲ್ಲಿರುತ್ತದೆ, ಚೌಕಾಸಿ ತೆಲುಗಿನಲ್ಲಿ ನಡೆಯುತ್ತದೆ.

ಮೊದಲು ಗಿರಾಕಿ. ಮನೆ ಅಡುಗೆಗೆ ಸೌದೆ ಕೊಳ್ಳುವವರು ಕಡಿಮೆಯಾಗಿರುವುದು ನಿಜ. ಸ್ನಾನದ ಹಂಡೆಗೆ ಇನ್ನೂ ಕೊಳ್ಳುತ್ತಾರೆ. ಆದರೆ ಡಿಪೋ ನಡೆಯುವುದು ದೊಡ್ಡ ಒಲೆಯವರಿಂದ: ಮದುವೆ ಅಡುಗೆಯವರು, ಬಿರಿಯಾನಿ ಹೋಟೆಲು, ಸೌದೆ ಒಲೆಯ ಬೇಕರಿ, ಹೆದ್ದಾರಿ ಡಾಬಾ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ರೀಲರುಗಳು. ಇವರೆಲ್ಲ ಮನಸ್ಸಿನಲ್ಲಿ 19 ಕೆಜಿ ಸಿಲಿಂಡರಿನ ದರ ಇಟ್ಟುಕೊಂಡೇ ಮಾತಾಡುತ್ತಾರೆ. ಗಾಳಿ ಚೆನ್ನಾಗಿ ಎಳೆಯುವ ಒಲೆಯಲ್ಲೂ ಆ ಒಂದು ಸಿಲಿಂಡರಿನ ಕೆಲಸಕ್ಕೆ ನೂರು ಕೆಜಿ ಮೀರಿ ಒಣಸೌದೆ ಬೇಕು. ಮೂರು ಕಲ್ಲಿನ ಬಯಲು ಒಲೆಯಾದರೆ ಇನ್ನೂ ಬಹಳ ಹೆಚ್ಚು. ಹಾಗಾಗಿ ಒಂದೂಕಾಲು ಕ್ವಿಂಟಲ್ ಸೌದೆಯ ಬೆಲೆ ಸಿಲಿಂಡರಿನ ಬೆಲೆಯ ಹತ್ತಿರ ಹೋದ ದಿನ ಹೋಟೆಲಿನವರು ಕೈಬಿಡುತ್ತಾರೆ. ದರ ಏರಿಸುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಬೇಡಿಕೆ ಚಿತೆಯದು. ಒಂದಕ್ಕೆ ಸಾಮಾನ್ಯವಾಗಿ 300ರಿಂದ 400 ಕೆಜಿ ಸೌದೆ ಹೋಗುತ್ತದೆ, ನಾಲ್ಕರಿಂದ ಆರು ಅಡಿಯ ದಿಮ್ಮಿಯೂ ಸೀಳೂ ಎರಡೂ ಬೇಕು. ಇದಕ್ಕೆ ಹೊತ್ತುಗೊತ್ತಿಲ್ಲ. ಒಣಗಿದ ಅರ್ಧ ಟನ್ ಸೌದೆಯನ್ನು ಬೇರೆಯೇ ಒಟ್ಟಿಟ್ಟು, ಮದುವೆ ಕಾಲದ ಗಡಿಬಿಡಿಯಲ್ಲೂ ಅದಕ್ಕೆ ಕೈ ಹಾಕದಿರುವುದು ಒಳ್ಳೆಯ ಡಿಪೋದ ಲಕ್ಷಣ. ದುಃಖದಲ್ಲಿರುವ ಮನೆಯವರಿಗೆ ಹಸಿ ದಿಮ್ಮಿ ಕೊಟ್ಟು ಕಳಿಸುವುದಕ್ಕಿಂತ ಕೆಟ್ಟ ವ್ಯಾಪಾರ ಇನ್ನೊಂದಿಲ್ಲ.

ಈಗ ಮುಖ್ಯ ವಿಷಯ. ಸೌದೆ ವ್ಯಾಪಾರದಲ್ಲಿ ಲಾಭನಷ್ಟ ನಿಂತಿರುವುದು ಮರದೊಳಗಿನ ನೀರಿನ ಮೇಲೆ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ನೂರು ಕೆಜಿ ಹಸಿಮರದಲ್ಲಿ 45 ಕೆಜಿ ನೀರಿದೆ ಎಂದಿಟ್ಟುಕೊಳ್ಳಿ. ಬಿಸಿಲಿಗೆ ಒಣಗಿ ನೀರು ನೂರಕ್ಕೆ 18ಕ್ಕೆ ಇಳಿಯುವಾಗ ಉಳಿಯುವುದು ಸುಮಾರು 67 ಕೆಜಿ. ಅಂದರೆ ಹಸಿಗೆ ಕೊಟ್ಟ ದರ ಒಣಗಿದ ಮೇಲೆ ಒಂದೂವರೆ ಪಟ್ಟು ಆಗಿರುತ್ತದೆ. ಕಡಿಯುವ, ಸೀಳುವ ಕೂಲಿ, ಬಾಡಿಗೆ, ಉದುರಿದ ತೊಗಟೆ ಇವೆಲ್ಲ ಅದರ ಮೇಲೆ. ಹೊಸಬರು ಕೈಸುಟ್ಟುಕೊಳ್ಳುವುದು ಇಲ್ಲೇ: ಟನ್ನಿಗೆ ಇಷ್ಟು ಕೊಟ್ಟೆ, ಕೆಜಿಗೆ ಇಷ್ಟು ಸಿಕ್ಕರೆ ಸಾಕು ಎಂದು ನೇರ ಭಾಗಿಸಿಬಿಡುತ್ತಾರೆ.

ಹಾಗಾದರೆ ಹಸಿಯಾಗಿಯೇ ತೂಗಿ ಮಾರಿದರೇನು ಎಂಬ ಆಸೆ ಬರುತ್ತದೆ. ಆ ನೂರು ಕೆಜಿ ಹಸಿಸೌದೆ ಕೊಡುವ ಶಾಖಕ್ಕಿಂತ ಅದೇ ಒಣಗಿ 67 ಕೆಜಿಯಾದಾಗ ಕೊಡುವ ಶಾಖ ಸ್ವಲ್ಪ ಹೆಚ್ಚೇ, ಏಕೆಂದರೆ ನೀರನ್ನು ಆವಿ ಮಾಡಲು ಬೆಂಕಿ ದಂಡವಾಗುವುದಿಲ್ಲ. ಹಸಿ ತೆಗೆದುಕೊಂಡವನಿಗೆ ಹೊಗೆ, ಕಪ್ಪು ಹಿಡಿದ ಪಾತ್ರೆ, ಹೊತ್ತಿಗೆ ಇಳಿಯದ ಅನ್ನ. ಅಡುಗೆಯವರು ಒಮ್ಮೆ ಮೋಸಹೋದರೆ ಮತ್ತೆ ಆ ಡಿಪೋ ಕಡೆ ತಿರುಗುವುದಿಲ್ಲ, ತಮ್ಮ ಬಳಗಕ್ಕೂ ಹೇಳುತ್ತಾರೆ. ಪೇಟೆಯಲ್ಲಿ ನಾಲ್ಕು ಡಿಪೋ ಇದ್ದರೂ ಒಣಸೌದೆಯ ಹೆಸರು ಪಡೆದದ್ದಕ್ಕೆ ಕೆಜಿಗೆ ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ.

ಮರದ ಜಾತಿ ನೋಡಿ ಗಿರಾಕಿಗೆ ಕೊಡಬೇಕು. ಸರ್ವೆ (ಗಾಳಿಮರ) ಎಲ್ಲಕ್ಕಿಂತ ಮೇಲು: ಗಟ್ಟಿ, ಶಾಖ ಹೆಚ್ಚು, ಬೂದಿ ಕಡಿಮೆ, ಅರೆಹಸಿ ಇದ್ದರೂ ಉರಿಯುತ್ತದೆ. ಜಾಲಿ, ಹುಣಸೆ ಕೆಂಡ ನಿಲ್ಲುವ ಸೌದೆ. ಬಿರಿಯಾನಿ ದಮ್‌ಗೆ ಇಡುವವರು ಇದನ್ನೇ ಕೇಳುತ್ತಾರೆ. ಹುಣಸೆ ಸೀಳುವುದು ಮಾತ್ರ ಪ್ರಾಣಸಂಕಟ, ಕೂಲಿ ಹೆಚ್ಚು. ನೀಲಗಿರಿ ಉದ್ದ ಜ್ವಾಲೆ ಕೊಟ್ಟು ಬೇಗ ಉರಿದುಹೋಗುತ್ತದೆ, ಹಂಡೆಗೂ ದೊಡ್ಡ ಕೊಳಗದ ಅನ್ನಕ್ಕೂ ಸರಿ. ಕೋಲಾರದ ಕಡೆ ನೀಲಗಿರಿ ತೋಪು ವಿಪರೀತ ಇತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಈಗ ಸಿಗುವುದು ಹಳೆಯ ಬುಡದಿಂದ ಚಿಗುರಿದ ಮರ, ಇಲ್ಲವೇ ತೋಪು ತೆಗೆಯುವಾಗ ಜೆಸಿಬಿಯಲ್ಲಿ ಕಿತ್ತ ಬುಡ. ಬುಡ ಅಗ್ಗ ಎಂದು ಕೊಂಡರೆ ಅದರೊಳಗೆ ಸಿಕ್ಕಿದ ಮಣ್ಣು, ಕಲ್ಲಿಗೂ ದುಡ್ಡು ಕೊಟ್ಟಂತೆ. ಕೊಡಲಿಯ ಬಾಯಿಯೂ ಹೋಗುತ್ತದೆ. ಶ್ರೀನಿವಾಸಪುರದ ಕಡೆಯಿಂದ ಬರುವ ಮಾವಿನ ಸೌದೆ ಮಧ್ಯಮ. ಚೆನ್ನಾಗಿ ಒಣಗದಿದ್ದರೆ ಹೊಗೆ, ಬಹಳ ದಿನ ಇಟ್ಟರೆ ಹುಳ ಬಿದ್ದು ಹಿಟ್ಟು ಉದುರುತ್ತದೆ. ಬೇಲಿ ಕಡಿದ ಲೋಡಿನಲ್ಲಿ ಕಣಗಿಲೆ ಸೇರಿದ್ದರೆ ಆರಿಸಿ ಬಿಸಾಡಿ, ಅದರ ಹೊಗೆಯೂ ವಿಷ. ಬಣ್ಣ ಬಳಿದ ಬಾಗಿಲು, ಪ್ಲೈವುಡ್ ತುಂಡನ್ನು ಅಡುಗೆ ಸೌದೆಗೆ ಬೆರೆಸಬೇಡಿ.

ಮರವನ್ನು ಹಸಿ ಇರುವಾಗಲೇ ತುಂಡು ಮಾಡಿ ಸೀಳಬೇಕು. ಒಣಗಿದ ನೀಲಗಿರಿಯ ಎಳೆ ತಿರುಚಿಕೊಂಡು ಬೆಣೆಗೂ ಬಗ್ಗುವುದಿಲ್ಲ. ತೊಗಟೆ ನೀರನ್ನು ಹಿಡಿದಿಡುತ್ತದೆ, ನೀರು ಹೋಗುವುದು ಕೊಯ್ದ ತುದಿಯಿಂದ ಮತ್ತು ಸೀಳಿದ ಮುಖದಿಂದ. ಇಡೀ ದಿಮ್ಮಿ ವರ್ಷವಾದರೂ ಒಳಗೆ ಹಸಿಯೇ ಇರುತ್ತದೆ. ಹೋಟೆಲಿಗೆ ಎರಡರಿಂದ ಎರಡೂವರೆ ಅಡಿ, ಮನೆಯ ಹಂಡೆಗೆ ಒಂದರಿಂದ ಒಂದೂವರೆ ಅಡಿ, ದಪ್ಪ ಮೂರು ನಾಲ್ಕು ಅಂಗುಲ. ಹೀಗೆ ಸೀಳಿದ್ದು ಬೇಸಿಗೆಯಲ್ಲಿ ಆರರಿಂದ ಎಂಟು ವಾರಕ್ಕೆ ಒಣಗುತ್ತದೆ, ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಾದ ಕೂಡಲೇ ಕಾರ್ತೀಕದ ಮದುವೆಗಳು ಶುರು. ಆದ್ದರಿಂದ ಕಾರ್ತೀಕಕ್ಕೆ ಬೇಕಾದ ಸೌದೆ ಮೇ ತಿಂಗಳೊಳಗೆ ಸೀಳಾಗಿರಬೇಕು. ಆಷಾಢದಲ್ಲಿ ವ್ಯಾಪಾರ ಬಿದ್ದಿರುತ್ತದೆ, ದುಡ್ಡು ಸೌದೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಆಗಿನ ಬಾಡಿಗೆ, ಕೂಲಿಗೆ ಕೈಯಲ್ಲಿ ಹಣ ಇಟ್ಟುಕೊಳ್ಳದವರು ಒಣಗುವ ಮೊದಲೇ ಮಾರಿಕೊಳ್ಳಬೇಕಾಗುತ್ತದೆ.

ಒಟ್ಟುವುದು ನೆಲದ ಮೇಲಲ್ಲ. ಕಲ್ಲಿನ ಮೇಲೆ ಎರಡು ಉದ್ದ ಗಳ ಹಾಕಿ, ನೆಲದಿಂದ ಅರ್ಧ ಅಡಿ ಮೇಲೆ ಒಟ್ಟಿ, ಇಲ್ಲದಿದ್ದರೆ ಗೆದ್ದಲು ಕೆಳಗಿನ ಸಾಲನ್ನೇ ತಿನ್ನುತ್ತದೆ. ಎತ್ತರ ಐದಡಿ ಮೀರಬಾರದು, ಗೋಡೆಗೂ ಒಟ್ಟಲಿಗೂ ನಡುವೆ ಒಂದು ಮೊಳ ಬಿಡಿ. ಟಾರ್ಪಾಲು ತಲೆಯ ಮೇಲೆ ಮಾತ್ರ. ಸುತ್ತಲೂ ಮುಚ್ಚಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ಒಟ್ಟಲು ಬಿಚ್ಚುವಾಗ ಮೊದಲು ಕೋಲಿನಿಂದ ತಟ್ಟಿ. ಚೇಳು, ಹಾವು ಖಂಡಿತ ಇರುತ್ತವೆ ಎಂದೇ ಕೈ ಹಾಕಬೇಕು. ಒಣಗಿದೆಯೇ ಎಂದು ತಿಳಿಯಲು ಐದಾರು ಸೀಳಿಗೆ ಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಸೌದೆ ತಯಾರು. ತುದಿಯಲ್ಲಿ ಬಿರುಕು, ತಟ್ಟಿದರೆ ಟಣ್ ಎನ್ನುವ ಸದ್ದು ನೋಡಿ ಹೇಳುವವರಿದ್ದಾರೆ, ಅದೂ ಸರಿಯೇ, ಆದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಪೇಟೆಯೊಳಗೆ ಆಗುವ ಕೆಲಸವಲ್ಲ. ಒಣಗಿಸುವ ಜಾಗ ಊರಾಚೆ, ಬಾಡಿಗೆ ಕಡಿಮೆ ಇರುವ ಕಡೆ. ಪೇಟೆಯಲ್ಲಿ ಹತ್ತಡಿ ಹನ್ನೆರಡಡಿ ಸಾಕು, ಎರಡು ಮೂರು ದಿನದ ಮಾಲು ಮಾತ್ರ. ಬೆಳಗ್ಗೆ ತರಕಾರಿ ಗಾಡಿಗಳು ಬರುವ ಮೊದಲೇ ಇಳಿಸಿ ಮುಗಿಸಬೇಕು; ತಡವಾದರೆ ಬೀದಿಯೆಲ್ಲ ಕಟ್ಟಿಕೊಂಡು ಅಕ್ಕಪಕ್ಕದವರ ಜೊತೆ ಜಗಳ. ಟಾಟಾ ಏಸ್‌ಗೆ ಮುಕ್ಕಾಲು ಟನ್ನಿಗಿಂತ ಹೆಚ್ಚು ಹೇರಬೇಡಿ, ಉಳಿಸಿದ ಒಂದು ಟ್ರಿಪ್ಪಿನ ದುಡ್ಡು ಗಾಡಿಯ ಸ್ಪ್ರಿಂಗ್ ಪಟ್ಟಿ ಮುರಿದಾಗ ಹೋಗುತ್ತದೆ. ಚಕ್ಕೆ ಚರಂಡಿಗೆ ಬೀಳದಂತೆ ದಿನವೂ ಗುಡಿಸಿ ಚೀಲಕ್ಕೆ ತುಂಬಿ. ಬೆಂಕಿ ಹೊತ್ತಿಸಲು ಅದನ್ನೇ ಕೊಳ್ಳುತ್ತಾರೆ. ಪಕ್ಕದಲ್ಲಿ ಬಟ್ಟೆ ಅಂಗಡಿ ಇದ್ದರಂತೂ ನೀರಿನ ಡ್ರಮ್ಮು, ಮರಳಿನ ಬಕೆಟ್ ಕಣ್ಣಿಗೆ ಕಾಣುವಂತಿರಲಿ, ಬೀಡಿ ಯಾರೂ ಹಚ್ಚಕೂಡದು.

ಕೊಳ್ಳುವಾಗ ಲೋಡಿನ ಲೆಕ್ಕಕ್ಕೆ ಒಪ್ಪಬೇಡಿ, ಗಾಡಿ ಸಮೇತ ತೂಗುವ ವೇಬ್ರಿಡ್ಜಿನ ಚೀಟಿ ಕೇಳಿ. ನೇರ ಸೌದೆಯನ್ನು ಒತ್ತಾಗಿ ಜೋಡಿಸಿದರೂ ಟ್ರ್ಯಾಕ್ಟರಿನಲ್ಲಿ ಮೂರನೇ ಒಂದು ಭಾಗ ಗಾಳಿಯೇ. ಡೊಂಕು ಜಾಲಿಯಾದರೆ ಅರ್ಧದವರೆಗೂ ಗಾಳಿ. ಮಾರುವಾಗ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಮದುವೆಯವರಿಂದ ಅರ್ಧ ಮುಂಗಡ ತೆಗೆದುಕೊಳ್ಳಿ, ಮಿಕ್ಕ ಸೌದೆ ವಾಪಸ್ ತಂದರೆ ನೆನೆಯದಿದ್ದರೆ ಮಾತ್ರ ತೂಗಿ ಕಳೆಯಿರಿ. ಹೋಟೆಲಿನ ಬಾಕಿ ವಾರ ದಾಟಬಾರದು.

ಕಾಗದಪತ್ರ ಕೊನೆಗೆ ಹೇಳಿದರೂ ಮೊದಲು ಮಾಡಬೇಕಾದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿ, ಸುಬಾಬುಲ್, ಸಿಲ್ವರ್ ಓಕ್ ಮುಂತಾದವನ್ನು ಸ್ವಂತ ಜಮೀನಿನಲ್ಲಿ ಕಡಿಯಲು ಅನುಮತಿ ಬೇಡ. ಬೇರೆ ಮರವಾದರೆ ಕೊಡಲಿ ಹಾಕುವ ಮೊದಲೇ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯನ್ನು ಕೇಳಬೇಕು. ಗಡಿಯಲ್ಲಿ ತೊಡಕು ಇನ್ನೊಂದಿದೆ: ಈಚೆ ವಿನಾಯಿತಿ ಇರುವ ಮರಕ್ಕೆ ಆಚೆಯೂ ಇರುತ್ತದೆ ಎಂದು ತಿಳಿಯುವಂತಿಲ್ಲ, ಎರಡೂ ರಾಜ್ಯಗಳ ಸಾಗಾಟದ ನಿಯಮ ಬೇರೆಬೇರೆ. ತಲೆಹೊರೆ ಕಟ್ಟನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಲೋಡನ್ನು ತಡೆಯುತ್ತಾರೆ. 2023ರ ಕೊನೆಯಲ್ಲಿ ಕೇಂದ್ರ ಸರ್ಕಾರ ರಾಜ್ಯದಿಂದ ರಾಜ್ಯಕ್ಕೆ ಮರ ಸಾಗಿಸಲು ಆನ್‌ಲೈನ್ ಪಾಸಿನ ವ್ಯವಸ್ಥೆ ತಂದಿದೆ. ಆಂಧ್ರದ ರೈತರಿಂದ ತೋಪು ಕೊಳ್ಳುವುದಾದರೆ ಪಾಸು ಮಾಡಿಸುವುದು ಮಾರುವವರ ಹೊಣೆ ಎಂದು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ. ಲಾರಿ ತುಂಬಿದ ಮೇಲೆ ಆ ಮಾತೆತ್ತಿದರೆ ಚೆಕ್‌ಪೋಸ್ಟಿನಲ್ಲಿ ನಿಂತ ದಿನದ ಬಾಡಿಗೆ ನಿಮ್ಮ ತಲೆಗೇ ಬರುತ್ತದೆ.