ದೇವರು ಕೊಟ್ಟ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲವೇ? ಫೋನ್ ಇರಲಿ, ಮೊದಲು ಕಮಿಟಿ ಬಿಡಿ

ತಂಗಿ, ಮಕ್ಕಳಿಗೆ ಬೈಬಲ್ ಕಥೆಗಳನ್ನು ನಿಮ್ಮೂರಿನ ಮಾತಿನಲ್ಲಿ ಬರೆಯುವ ಕೆಲಸ ದೇವರೇ ಕೊಟ್ಟದ್ದು, ಆದರೆ ಎರಡು ವರ್ಷದಲ್ಲಿ ಆರೇ ಕಥೆ ಆಗಿದೆ, ಫೋನ್ ಲಾಕ್ ಮಾಡುವ ಒಳ್ಳೇ ಆ್ಯಪ್ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಆ್ಯಪ್ ನನಗೆ ಗೊತ್ತಿಲ್ಲ. ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲಿದೆಯಲ್ಲ, ಯುವಜನ ಸಂಘದ ಕಾರ್ಯದರ್ಶಿ ಕೆಲಸ, ಕ್ವಾಯರ್, ಕ್ರಿಸ್ಮಸ್ ನಾಟಕ ಇವೂ ಸೇವೆಯೇ ಅಲ್ವಾ, ಅವುಗಳ ಬಗ್ಗೆ ಚಿಂತೆ ಇಲ್ಲ ಅಂತ. ಅಲ್ಲಿಗೆ ಬಂದಾಗ ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ನಮ್ಮದು ಗದಗ ಕಡೆಯ ಹಳೇ ಕ್ರೈಸ್ತ ಸಭೆ. ನಮ್ಮ ಹಾಡಿನ ಪುಸ್ತಕದಲ್ಲಿ ಕೆಲವು ಕೀರ್ತನೆಗಳ ತಲೆಯ ಮೇಲೆ ರಾಗ ಇಂಥದ್ದು, ತಾಳ ಇಂಥದ್ದು ಅಂತ ಅಚ್ಚಾಗಿದೆ. ಮಟ್ಟು, ಅಂದರೆ ಹಾಡುವ ಧಾಟಿ, ಮಾತ್ರ ಎಲ್ಲೂ ಬರೆದಿಲ್ಲ. ಅದು ಹಾಡುವವರ ಬಾಯಲ್ಲೇ ಇತ್ತು. ಕೀಬೋರ್ಡ್ ಬಂದ ಮೇಲೆ ಹುಡುಗರು ಆ ಪುಟಗಳನ್ನೇ ದಾಟಿಸಿಬಿಡುತ್ತಾರೆ. ಮಟ್ಟು ಬಲ್ಲವರು ಅಂತ ಉಳಿದಿದ್ದವರು ಒಬ್ಬರೇ ಅಜ್ಜ. ಮಗ್ಗದ ಮುಂದೆ ಕೂತು ಜೀವ ತೇದವರು, 81 ವರ್ಷ. ಒಂದು ದಿನ ಅವರು ಬೆರಳು ಮಡಿಸುತ್ತಾ ಎಣಿಸಿದರು. 43 ಹಾಡು. ಅವತ್ತು ರಾತ್ರಿ ಪ್ರಾರ್ಥನೆಗೆ ಕೂತಾಗ ಇದು ನನ್ನ ಕೆಲಸ ಅಂತ ಗೊತ್ತಾಯಿತು. ದರ್ಶನ, ಧ್ವನಿ ಏನೂ ಇಲ್ಲ. ನನಗೆ ಹಾರ್ಮೋನಿಯಂ ಬರುತ್ತದೆ, ಸ್ವರ ಬರೆಯಲು ಬರುತ್ತದೆ, ಅಜ್ಜನ ಮನೆ ಎರಡು ಓಣಿ ಆಚೆ. ಇನ್ನೇನು ಬೇಕು?

ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಹೋಗುತ್ತಿದ್ದೆ. ಫೋನಿನಲ್ಲೇ ರೆಕಾರ್ಡ್ ಮಾಡುತ್ತಿದ್ದೆ (ಹೌದು, ನೀವು ಬೈಯುವ ಅದೇ ಫೋನ್). ವಾರಕ್ಕೆ ಒಂದು ಹಾಡು. ಅಜ್ಜ ಅವಸರ ಮಾಡಲು ಬಿಡುತ್ತಿರಲಿಲ್ಲ, ಚಹಾ ಆಗದೆ ಬಾಯಿ ತೆರೆಯುತ್ತಿರಲಿಲ್ಲ. ಹನ್ನೊಂದು ಹಾಡು ಆದವು.

ಆಗ ಬಂತು ನಮ್ಮ ದೇವಾಲಯದ ವಾರ್ಷಿಕೋತ್ಸವ. ದೊಡ್ಡ ಕಾರ್ಯಕ್ರಮ, ಸ್ಮರಣ ಸಂಚಿಕೆ, ಚಂದಾ ವಸೂಲಿ, ಪೆಂಡಾಲ್. ಭಾನುವಾರ ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ ನನ್ನ ಹೆಸರು ಕರೆದು ಖಜಾಂಚಿ ಮಾಡಿದರು. ನಾನು ಹೂಂ ಅಂದೆ. ಹೆಸರು ಮೈಕಿನಲ್ಲಿ ಕೇಳಿ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ನಿಜವಾದ ತಪ್ಪು ಆಮೇಲಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಮಿಟಿ ಮೀಟಿಂಗ್ ಯಾವ ದಿನ ಇಡೋಣ ಅಂತ ಮಾತು ಬಂತು. ಒಬ್ಬರಿಗೆ ಅಂಗಡಿ, ಒಬ್ಬರಿಗೆ ಡ್ಯೂಟಿ. ಸಭಾಪಾಲಕರು ನನ್ನ ಕಡೆ ತಿರುಗಿ ನಿಮಗೆ ಯಾವಾಗ ಅನುಕೂಲ ಅಂದರು. ನನ್ನ ಬಾಯಿಂದ ಬಂದದ್ದು: "ಶನಿವಾರ ಸಂಜೆ ನಾನು ಫ್ರೀ ಇರ್ತೀನಿ."

ನಾನು ಫ್ರೀ ಇರಲಿಲ್ಲ ತಂಗಿ! ಆ ಹೊತ್ತನ್ನು ಖಾಲಿ ಇಟ್ಟಿದ್ದೇ ಅಜ್ಜನಿಗಾಗಿ. ನೆಂಟರ ಮದುವೆಯ ಮಾತುಕತೆ ಇದ್ದಾಗಲೂ ಶನಿವಾರ ಆಗಲ್ಲ ಅಂದಿದ್ದವನು ನಾನು. ಆದರೆ ಸಭಾಪಾಲಕರು ಕೇಳಿದ ಕೂಡಲೇ ಅದು ನನ್ನ ತಲೆಯಲ್ಲಿ ಬಿಡುವಿನ ಹೊತ್ತಾಗಿ ಕಂಡಿತು. ಯಾಕೆ ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಅಜ್ಜನ ಕೆಲಸಕ್ಕೆ ನಡಾವಳಿ ಪುಸ್ತಕ ಇರಲಿಲ್ಲ, ರಸೀದಿ ಇರಲಿಲ್ಲ, ಬಂದಿಲ್ಲ ಯಾಕೆ ಅಂತ ಕೇಳುವ ಕಾರ್ಯದರ್ಶಿ ಇರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ಮುಗಿದ ಮೇಲೆ ತೋರಿಸೋಣ ಅಂತ ಗುಟ್ಟಾಗಿ ಇಟ್ಟುಕೊಂಡಿದ್ದೆ. ಯಾರಿಗೂ ಗೊತ್ತಿಲ್ಲದ ಕೆಲಸವನ್ನು ಬಿಟ್ಟುಕೊಡುವುದು ಎಷ್ಟು ಸುಲಭ ನೋಡಿ, ಬಿಟ್ಟುಕೊಟ್ಟದ್ದು ನನಗೇ ಗೊತ್ತಾಗಲಿಲ್ಲ. ಒಬ್ಬರಿಗಾದರೂ ಹೇಳಿದ್ದರೆ ಅವರಾದರೂ ಶನಿವಾರ ಅಜ್ಜನ ಮನೆ ಅಲ್ವಾ ಅನ್ನುತ್ತಿದ್ದರು. ಅಷ್ಟೇ ಸಾಕಿತ್ತು.

ಮೊದಲ ಶನಿವಾರ ಅಜ್ಜ ಮೊಮ್ಮಗನ ಫೋನಿಂದ ಕರೆ ಮಾಡಿದರು. "ತಮ್ಮಾ, ಬರ್ತಿಯೇನೋ? ಚಹಾಕ್ಕ ಹಾಲು ತರಿಸೇನಿ." ಮುಂದಿನ ವಾರ ಅಂದೆ. ಇನ್ನೆರಡು ಸಲ ಕೇಳಿದರು. ಆಮೇಲೆ ಕರೆ ಬರಲಿಲ್ಲ. ನನಗೂ ಒಳಗೊಳಗೇ ಹಗುರ ಅನಿಸಿತು, ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕು ತಿಂಗಳು. ಉತ್ಸವ ಚೆನ್ನಾಗಿ ಆಯಿತು, ಲೆಕ್ಕ ಪೈಸೆಗೆ ಪೈಸೆ ತಾಳೆ ಆಯಿತು, ಶಾಲು ಹೊದಿಸಿದರು. ಆ ಮೇಲಿನ ಗುರುವಾರ ಅಜ್ಜನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೆಲವರಿಗೆ ಮಾತು ಹೋದರೂ ಹಾಡು ಉಳಿಯುತ್ತದಂತೆ. ಅಜ್ಜನಿಗೆ ಉಳಿಯಲಿಲ್ಲ. 32 ಹಾಡು ಅವರ ಒಳಗೇ ಉಳಿದವು.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಇನ್ನೊಬ್ಬರು ಬೈಬಲಿನ ನೆಹೆಮೀಯನನ್ನು ತಂದಿದ್ದಾರೆ, ಯೆರೂಸಲೇಮಿನ ಬಿದ್ದ ಗೋಡೆ ಮತ್ತೆ ಕಟ್ಟಿಸಿದವನು. ಅವನ ಹಾಗೆ ಅತ್ತಿತ್ತ ನೋಡದೆ ಗೋಡೆ ಕಟ್ಟಿ ಅಂತ. ಅವರು ನೆಹೆಮೀಯನ ಪುಸ್ತಕದ ಆರನೇ ಅಧ್ಯಾಯ ಮಾತ್ರ ಓದಿರಬೇಕು. ಅಲ್ಲಿ ಶತ್ರುಗಳು ಓನೋ ಬಯಲಿಗೆ ಬಾ, ಮಾತಾಡೋಣ ಅಂತ ನಾಲ್ಕು ಸಲ ಹೇಳಿ ಕಳಿಸುತ್ತಾರೆ. ಗಮನಿಸಿ, ಕತ್ತಿ ಕಳಿಸಲಿಲ್ಲ, ಮೀಟಿಂಗಿಗೆ ಕರೆದರು. ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲು ಆಗದು ಅಂತ ನಾಲ್ಕು ಸಲವೂ ಅದೇ ಉತ್ತರ. 52 ದಿನಕ್ಕೆ ಗೋಡೆ ಮುಗಿಯಿತು.

ಆದರೆ ಅದಕ್ಕೂ ಮುಂಚಿನ ಐದನೇ ಅಧ್ಯಾಯ? ಗೋಡೆ ಇನ್ನೂ ಮುಗಿದಿಲ್ಲ. ಬಡವರು ಬಂದು ಅಳುತ್ತಾರೆ. ಕಾಳಿಗಾಗಿ ಹೊಲ, ಮನೆ ಒತ್ತೆ ಇಟ್ಟಿದ್ದೇವೆ, ಹೆಣ್ಣುಮಕ್ಕಳು ಜೀತಕ್ಕೆ ಹೋಗುತ್ತಿದ್ದಾರೆ ಅಂತ. ಆಗ ಅವನು ಗೋಡೆಯ ನೆಪ ಹೇಳಲಿಲ್ಲ. ಸಾಲ ಕೊಟ್ಟ ದೊಡ್ಡವರನ್ನು ಕರೆಸಿ, ಎಲ್ಲರ ಮುಂದೆ ಬೈದು, ಹೊಲಮನೆ ವಾಪಸ್ ಕೊಡಿಸಿದ. ಒಬ್ಬನೇ ಮನುಷ್ಯ, ಒಂದೇ ಕೆಲಸದ ನಡುವೆ, ಒಂದು ಕರೆಗೆ ಇಳಿದು ಬಂದ, ಇನ್ನೊಂದಕ್ಕೆ ಬರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ ನಿಮ್ಮ ಪಟ್ಟಿ ತಲೆಕೆಳಗಾಗಿದೆ. ಹಾಸಿಗೆ ಹಿಡಿದ ದೊಡ್ಡಮ್ಮನನ್ನು ನೋಡಿಕೊಳ್ಳುವುದನ್ನು ನೀವು ಅಡ್ಡಿಗಳ ಸಾಲಿನಲ್ಲಿ ಬರೆದಿದ್ದೀರಿ. ಕಾರ್ಯದರ್ಶಿ ಕೆಲಸವನ್ನು ಸೇವೆಯ ಸಾಲಿನಲ್ಲಿ. ದೊಡ್ಡಮ್ಮನಿಗೆ ಗಂಜಿ ಕುಡಿಸಲು ನೀವಲ್ಲದೆ ಇನ್ಯಾರೂ ಇಲ್ಲ ಅಂತ ನೀವೇ ಹೇಳಿದ್ದೀರಿ. ಸಂಘಕ್ಕೆ ಇನ್ನೊಬ್ಬ ಕಾರ್ಯದರ್ಶಿ ಒಂದೇ ಭಾನುವಾರದಲ್ಲಿ ಸಿಗುತ್ತಾರೆ. ನಂಬಿ, ನಾನು ಕಮಿಟಿ ಬಿಟ್ಟಾಗ ನನ್ನ ಕುರ್ಚಿ ಬಿಸಿ ಆರುವ ಮೊದಲೇ ಒಬ್ಬರು ಕೂತರು. ಎರಡು ಮೂರು ಹಿರಿಯರು ಮುಖ ತಿರುಗಿಸಿಕೊಂಡು ಓಡಾಡಿದರು. ಈಗ ಮಾತಾಡುತ್ತಾರೆ.

ಹಾಗಾಗಿ ಈ ಭಾನುವಾರವೇ ರಾಜೀನಾಮೆ ಕೊಡಿ. ನೋಡೋಣ, ಕ್ರಿಸ್ಮಸ್ ಮುಗಿಯಲಿ ಅನ್ನಬೇಡಿ. ಕ್ವಾಯರ್ ಬೇಕಿದ್ದರೆ ಇಟ್ಟುಕೊಳ್ಳಿ, ಹಾಡುವವರನ್ನು ಬಿಡಿಸುವ ಧೈರ್ಯ ನನಗಿಲ್ಲ. ಕಥೆ ಬರೆಯುವ ಹೊತ್ತು ಯಾವುದು ಅಂತ ಸಭಾಪಾಲಕರಿಗೆ ಬಾಯಿಬಿಟ್ಟು ಹೇಳಿ, ಮನೆಯವರಿಗೂ ಹೇಳಿ. ಫೋನ್ ಲಾಕ್ ಮಾಡುವುದು ಬಿಡುವುದು ನಿಮಗೆ ಬಿಟ್ಟದ್ದು, ಅದು ಸಣ್ಣ ವಿಷಯ. ಕೆಲಸ ಬಿಟ್ಟು ಪೂರ್ತಿ ಸೇವೆಗೆ ಇಳಿಯಲಾ ಅಂತಲೂ ಕೇಳಿದ್ದೀರಿ. ಬೇಡ. ಪೂರ್ತಿ ದಿನ ಸಿಕ್ಕರೆ ಇನ್ನೂ ನಾಲ್ಕು ಕಮಿಟಿಗೆ ಹಾಕುತ್ತಾರೆ.

ಆರೇ ಕಥೆ ಅಂತ ನಾಚಿಕೆಯೂ ಬೇಡ. ಜರ್ಮನ್ ಮಿಷನರಿ ಕಿಟ್ಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಊರೂರು ಬದಲಾಯಿಸಿದರು, ಜರ್ಮನಿಗೆ ಹೋಗಿ ಮತ್ತೆ ಬಂದರು.

ನಾನು ಈಗಲೂ ಶನಿವಾರ ನಾಲ್ಕಕ್ಕೆ ಅಜ್ಜನ ಮನೆಗೆ ಹೋಗುತ್ತೇನೆ. ಹಾಲು ನಾನೇ ಒಯ್ಯುತ್ತೇನೆ. ಪುಸ್ತಕ ತೆರೆದು, ಬರೆದಿರುವ ರಾಗ ಹಿಡಿದು, ಮಟ್ಟು ಹೀಗಿರಬಹುದಾ ಅಂತ ಊಹಿಸಿ ಹಾಡುತ್ತೇನೆ. ಅಜ್ಜ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಾರೆ. ತಪ್ಪಿದ ಕಡೆ ಬೆರಳು ನಿಲ್ಲುತ್ತದೆ. ಮತ್ತೆ ಬೇರೆ ಥರ ಹಾಡುತ್ತೇನೆ. ಹೀಗೆ ಒಂದೂವರೆ ವರ್ಷದಲ್ಲಿ ಮೂರು ಹಾಡು ಸಿಕ್ಕಿವೆ. ನಾಲ್ಕನೆಯದರ ಎರಡನೇ ಸಾಲಿನಲ್ಲಿ ಐದು ವಾರದಿಂದ ಸಿಕ್ಕಿಕೊಂಡಿದ್ದೇವೆ. ಹೋದ ವಾರ ಏಳು ಥರ ಹಾಡಿದೆ. ಬೆರಳು ಪ್ರತಿ ಸಲವೂ ಅದೇ ಅಕ್ಷರಕ್ಕೆ ನಿಂತಿತು.