ಅರಸನಿಂದ ಲೆಕ್ಕ ಕೇಳುವವರಾರು?

ಸೋಮವಾರಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಕೊಡಗನ್ನಾಳಿದ ಹಾಲೇರಿ ಅರಸರಿಗೆ ದೇವರ ಭಯವಾದರೂ ಇತ್ತು. ಓಂಕಾರೇಶ್ವರ ದೇವಸ್ಥಾನವೇ ಸಾಕ್ಷಿ. ಓಟು ಪಡೆದವರಿಗೆ ಯಾರ ಭಯ? ನಮ್ಮೂರ ರಸ್ತೆ ಮೂರು ಮಳೆಗಾಲದಿಂದ ಹಾಗೇ ಇದೆ. ರಾಜಾ ಪ್ರತ್ಯಕ್ಷ ದೇವತಾ ಎಂದ ಹಿರಿಯರು ದಡ್ಡರೇ?”

ಸಂಪಾದಕರ ಉತ್ತರ:

ದಡ್ಡರಲ್ಲ ಮೇಷ್ಟ್ರೇ. ಆದರೆ ಸಾಕ್ಷಿಗೆ ನೀವು ಕರೆದ ದೇವಸ್ಥಾನ ನಿಮ್ಮ ಕಡೆ ನುಡಿಯುವುದಿಲ್ಲ. 1820ರಲ್ಲಿ ಹಾಲೇರಿ ಅರಸ ಲಿಂಗರಾಜ ಅದನ್ನು ಕಟ್ಟಿಸಿದ ಕಥೆ ಮಡಿಕೇರಿಯಲ್ಲಿ ಎಲ್ಲರಿಗೂ ಗೊತ್ತು: ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ, ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದ, ಕಾಶಿಯಿಂದ ಲಿಂಗ ಬಂತು. ಕಥೆಯನ್ನೇ ನಂಬೋಣ. ಭಯ ಹುಟ್ಟಿದ್ದು ಯಾವಾಗ? ಕೊಲೆಯಾದ ಮೇಲೆ. ಲೆಕ್ಕ ಕೇಳಲು ಸತ್ತವನೇ ಎದ್ದು ಬರಬೇಕಾಯಿತು. ಬದುಕಿದ್ದ ಅವನ ಮನೆಯವರು ಕೇಳುವಂತಿರಲಿಲ್ಲ.

ಇಂಗ್ಲೆಂಡಿನ ಒಂದನೇ ಜೇಮ್ಸ್ 1610ರಲ್ಲಿ ಪಾರ್ಲಿಮೆಂಟಿನ ಎದುರೇ ಅರಸರನ್ನು ದೇವರಿಗೆ ಹೋಲಿಸಿ ಮಾತಾಡಿದ್ದ. ಮಗ ಚಾರ್ಲ್ಸ್ ಅದನ್ನೇ ನಂಬಿ ಕೂತ. 1649ರಲ್ಲಿ ವಿಚಾರಣೆಗೆ ನಿಲ್ಲಿಸಿದಾಗ ‘ಯಾವ ಅಧಿಕಾರದಿಂದ ನನ್ನನ್ನು ಕೇಳುತ್ತೀರಿ’ ಎಂದನೇ ಹೊರತು ಆರೋಪಕ್ಕೆ ಉತ್ತರ ಕೊಡಲಿಲ್ಲ. ಜನವರಿ 30ರಂದು ತಲೆ ಹೋಯಿತು. (ಆ ಶಿಕ್ಷೆಯನ್ನು ನಾನೂ ಒಪ್ಪುವುದಿಲ್ಲ.)

ಜನರ ಹೆಸರು ಹೇಳಿದವರೆಲ್ಲ ಸಾಚಾ ಎಂದೂ ಅಲ್ಲ. ಕೊಡಗಿನ ಕೊನೆಯ ಅರಸ ಚಿಕವೀರರಾಜನನ್ನು ಈಸ್ಟ್ ಇಂಡಿಯಾ ಕಂಪನಿ ಇಳಿಸಿದ ಮೇಲೆ, 1834ರ ಮೇ 7ರಂದು, ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ ಏನು ಗೊತ್ತೇ? ಕೊಡಗಿನವರೆಲ್ಲ ಒಮ್ಮತದಿಂದ ಬಯಸಿದ್ದರಿಂದ ಈ ಸೀಮೆ ಕಂಪನಿಗೆ ಸೇರಿತು ಎಂದು! ಎಲ್ಲರನ್ನೂ ಕೇಳಿದ್ದು ಊರವರು ಸೇರುವ ಯಾವ ಮಂದ್‌ನಲ್ಲೋ. ಮೂರೇ ವರ್ಷದಲ್ಲಿ ಅಮರಸುಳ್ಯ ಸೀಮೆಯ ರೈತರು ಕಂಪನಿಯ ಮೇಲೆ ದಂಗೆಯೆದ್ದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದದ್ದು ಮುಖ್ಯ ಸಿಟ್ಟು. ಆ ಸಿಟ್ಟಿಗೂ ಅರಸುಮನೆತನದ ಹೆಸರು ಬೇಕಾಯಿತು: ಹಾಲೇರಿ ವಂಶದವನೆಂದು ಹೇಳಿಕೊಂಡ ‘ಕಲ್ಯಾಣಸ್ವಾಮಿ’ಯನ್ನು ಮುಂದಿಟ್ಟುಕೊಂಡು ಹೊರಟರು. ಕಂದಾಯ ಭಾರವಾಯಿತೆಂದು ರೈತ ತನ್ನ ಹೆಸರಲ್ಲೇ ಹೇಳುವಂತಿರಲಿಲ್ಲ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದ್ದು 1837ರ ಅಕ್ಟೋಬರ್ 31ರಂದು.

1952ರಲ್ಲಿ ‘ಸಿ’ ದರ್ಜೆಯ, ಅಂದರೆ ಕೇಂದ್ರದ ಹತೋಟಿಯ ಪುಟ್ಟ ರಾಜ್ಯವಾಗಿದ್ದ ಕೊಡಗು 24 ಮಂದಿಯ ವಿಧಾನಸಭೆಯನ್ನು ಆರಿಸಿತು. ಅದೂ ನಾಲ್ಕೇ ವರ್ಷ ಇದ್ದದ್ದು, ಆಮೇಲೆ ಮೈಸೂರಿಗೆ ಸೇರಿದೆವು. ಆದರೂ ಕೋಟೆಯ ಹಳೇ ವಿಧಾನ ಸಭಾಂಗಣದ ಮುಂದೆ ಹೋಗುವಾಗೆಲ್ಲ ನನಗೆ ಒಳಗೊಳಗೇ ನಗು. ಅರಸನ ಅಂಗಳದಲ್ಲೇ ‘ಮಾನ್ಯರೇ, ಲೆಕ್ಕ ಕೊಡಿ’ ಎಂದಿದ್ದಾರಲ್ಲ!

ಇನ್ನು ನಿಮ್ಮ ರಸ್ತೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆಂದು ಕಾನೂನಿದೆ. ಕಳೆದ ಸಲ ಹೋಗಿದ್ದಿರಾ, ಮೇಷ್ಟ್ರೇ? ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡವಳಿಯಲ್ಲಿ ಬರೆಸಿ, ಅದರ ಪ್ರತಿಯೊಂದನ್ನು ನಮಗೂ ಕಳಿಸಿ. ಈ ಅಂಕಣದಲ್ಲೇ ಹಾಕುತ್ತೇವೆ.