ಒಂದೇ ಗುಳಿಗೆ, ಎರಡು ಹೆಸರು

ಪ್ರಶ್ನೆ: ನಮ್ಮ ಅವ್ವಗೆ 64 ವರ್ಷ. ಬಿಪಿ, ಸಕ್ಕರೆ ಕಾಯಿಲೆಗೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಗುಳಿಗೆ ಕೊಡುತ್ತಾರೆ. ಎರಡು ತಿಂಗಳಿಂದ ಹುಬ್ಬಳ್ಳಿಯ ಖಾಸಗಿ ಡಾಕ್ಟರು ಬರೆದ ಗುಳಿಗೆಗಳೂ ನಡೆದಿವೆ. ಈಗ ಪಾದ ಬಾತಿವೆ, ಮಧ್ಯಾಹ್ನದ ಊಟಕ್ಕೆ ಮೊದಲು ಬೆವರು ಬಂದು ಕೈ ನಡುಗುತ್ತವೆ. ಸರ್ಕಾರಿ ಗುಳಿಗೆಯೇ ಸರಿ ಇಲ್ಲವೇ? ಯಾರಿಗೆ ತಿಳಿಸಬೇಕು? ಎರಡೂ ಚೀಟಿಗಳ ನಕಲು ಕಳಿಸಿದ್ದೇನೆ.
– ಓದುಗರು, ಶಿಗ್ಗಾವಿ

ಉತ್ತರ: ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾರಣ ಬಹುಪಾಲು ಅಲ್ಲೇ ಕಾಣುತ್ತದೆ. ಕೇಂದ್ರದಲ್ಲಿ ಕೊಟ್ಟದ್ದು ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್. ಹುಬ್ಬಳ್ಳಿಯ ಗುಳಿಗೆಗಳ ಕಂಪನಿ ಹೆಸರು ಬೇರೆ, ಒಳಗಿನ ಔಷಧಿ ಅವೇ: ಒಂದರಲ್ಲಿ ಬಿಪಿಯದೇ ಇನ್ನೊಂದು ಔಷಧಿ ಟೆಲ್ಮಿಸಾರ್ಟನ್ ಜೊತೆ ಮತ್ತೆ ಅಮ್ಲೋಡಿಪಿನ್ 5, ಇನ್ನೊಂದರಲ್ಲಿ ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್. ಅಂದರೆ ಅವ್ವನ ಹೊಟ್ಟೆಗೆ ದಿನಕ್ಕೆ ಅಮ್ಲೋಡಿಪಿನ್ 10, ಗ್ಲಿಮೆಪಿರೈಡ್ 3 ಮಿ.ಗ್ರಾಂ ಹೋಗುತ್ತಿದೆ. ಅಮ್ಲೋಡಿಪಿನ್ ಪ್ರಮಾಣ ಏರಿದಷ್ಟೂ ಪಾದ ಬಾಯುವುದು ಹೆಚ್ಚು. ಬೆವರು, ನಡುಕ ಸಕ್ಕರೆ ಇಳಿದದ್ದರ ಲಕ್ಷಣ.

ನಡುಕ ಬಂದಾಗ ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಬಳಿಕ ರೊಟ್ಟಿಯೋ ಅನ್ನವೋ ಉಣ್ಣಿಸಿ. ಗ್ಲಿಮೆಪಿರೈಡ್ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಡಾಕ್ಟರನ್ನು ಕೇಳದೆ ಸಕ್ಕರೆ ಕಾಯಿಲೆಯ ಮುಂದಿನ ಗುಳಿಗೆ ಕೊಡಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಬಿಪಿ ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಬೇಡಿ. ಖಾಲಿಯಾದವೂ ಸೇರಿ ಎಲ್ಲ ಸ್ಟ್ರಿಪ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಒಂದೇ ಚೀಟಿ ಬರೆಸಿಕೊಳ್ಳಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಇದ್ದರೆ ಅದನ್ನೂ ತೋರಿಸಿ. ಅದು ಬಾವು ಹೆಚ್ಚಿಸುತ್ತದೆ, ಬಿಪಿ ಏರಿಸುತ್ತದೆ, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕಿಡ್ನಿಗೆ ಕಷ್ಟ.

ತಿಳಿಸುವ ವಿಚಾರ: ಅಡ್ಡಪರಿಣಾಮಗಳ ದಾಖಲೆಗೆ 2010ರಿಂದ ಭಾರತೀಯ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮವಿದೆ, ಅದರ ಉಚಿತ ಸಹಾಯವಾಣಿ 1800-180-3024. ರೋಗಿಗಳಿಗೆಂದೇ ಮಾಡಿದ ನಮೂನೆ ಕನ್ನಡದಲ್ಲೂ ಸಿಗುತ್ತದೆ. ಗುಳಿಗೆಯಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಅವ್ವನ ಹೆಸರಿನ ಮೊದಲ ಅಕ್ಷರ ಮತ್ತು ವಯಸ್ಸು, ಏನಾಯಿತು ಹಾಗೂ ಯಾವಾಗ ಶುರುವಾಯಿತು, ಯಾವ ಗುಳಿಗೆ ಎಷ್ಟು, ತಿಳಿಸುತ್ತಿರುವವರು ಯಾರು ಎಂಬಷ್ಟು ಬೇಕು. ಬ್ಯಾಚ್ ನಂಬರ್ ಸ್ಟ್ರಿಪ್ಪಿನ ಅಂಚಿನಲ್ಲಿರುತ್ತದೆ. ಗುಳಿಗೆ ತೆಗೆಯುವಾಗ ಆ ಅಂಚನ್ನು ಕೊನೆಯವರೆಗೂ ಹರಿಯಬೇಡಿ.